ಹೊಟ್ಟೆ ತುಂಬಿತು ಅನ್ನೋದು ಎಲ್ಲಿ ಗೊತ್ತಾಗುತ್ತದೆ

ತೂಕ ಇಳಿಸುವ ಸರ್ಜರಿ ಆದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಕೆಜಿ ಇಳಿದಿರಿ? ಅದನ್ನು ತೂಕದ ಯಂತ್ರ ಹೇಳುತ್ತದೆ. ನನಗೆ ಕಲಿಯಲು ಬಹಳ ಕಾಲ ಹಿಡಿದದ್ದು ಬೇರೆ. ಊಟಕ್ಕೆ ಕೂತಾಗ ಹೊಟ್ಟೆ ತುಂಬಿತು ಅಂತ ತಿಳಿಯುವುದು. ಇದನ್ನು ಯಾರೂ ಕೇಳುವುದಿಲ್ಲ, ಬಿಡಿಸಿ ಹೇಳುವವರೂ ಕಡಿಮೆ. ಇದೇ ದಾರಿಯಲ್ಲಿ ಬರುವವರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು ಅಂತ ಬರೆಯುತ್ತಿದ್ದೇನೆ.

ನಾನು ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಗಂಡನ ಊರು ಗುಬ್ಬಿ ತಾಲೂಕಿನ ಒಂದು ಹಳ್ಳಿ, ತೆಂಗು ಅಡಿಕೆ ತೋಟ ಇದೆ. ನನಗೆ ಶುಗರ್ ಬಂದು ವರ್ಷಗಳಾಗಿದ್ದವು. ಮೊಣಕಾಲು ನೋವು ಇತ್ತು. ರಾತ್ರಿ ಗೊರಕೆ ಹೊಡೆಯುತ್ತಲೇ ಉಸಿರು ನಿಂತಂತಾಗಿ ಎಚ್ಚರವಾಗುತ್ತಿತ್ತು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ, 38 ದಾಟಿತ್ತು. ನಮ್ಮ ಜನರಿಗೆ ಶುಗರ್, ಬಿಪಿ ಕಡಿಮೆ ತೂಕಕ್ಕೇ ಬಂದುಬಿಡುತ್ತದೆ. ಅದಕ್ಕೇ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಈ ಸರ್ಜರಿಗೆ ಬಿಎಂಐ 35 ಅನ್ನೋ ಗೆರೆ ಇದ್ದರೂ ಏಷ್ಯಾದವರಿಗೆ ಅದನ್ನು 27.5ಕ್ಕೆ ಇಳಿಸಿದ್ದಾರೆ. ನಾನು ಎರಡನ್ನೂ ದಾಟಿದ್ದೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಮಾಡಿಸಿಕೊಂಡೆ.

ಸ್ಲೀವ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಜಠರದ ಮುಕ್ಕಾಲು ಭಾಗ ಅಥವಾ ಅದಕ್ಕಿಂತ ತುಸು ಜಾಸ್ತಿ, ಅಂದರೆ ಶೇಕಡಾ 75ರಿಂದ 80ರಷ್ಟು, ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಹೊಟ್ಟೆ ಕುಯ್ಯುವುದಿಲ್ಲ, ಸಣ್ಣ ತೂತುಗಳ ಮೂಲಕವೇ ಮಾಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕಿರಿದಾದ ಕೊಳವೆ. ಮೊದಲು ಒಂದು ಲೀಟರಿಗೂ ಜಾಸ್ತಿ ಹಿಗ್ಗುತ್ತಿದ್ದ ಜಠರ ಈಗ ಸುಮಾರು 100ರಿಂದ 150 ಮಿಲಿಲೀಟರ್ ಮಾತ್ರ ಹಿಡಿಯುತ್ತದೆ. ಚೆನ್ನಾಗಿ ಹಿಗ್ಗುವ ಮೇಲಿನ ಗುಮ್ಮಟದಂಥ ಭಾಗವೇ ಹೊರಗೆ ಹೋಗಿರುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಅದೇ ಭಾಗದಲ್ಲಿ. ಜಪಾನಿನ ವಿಜ್ಞಾನಿಗಳು ಇದನ್ನು ಗುರುತಿಸಿದ್ದು 1999ರಲ್ಲಿ. ಹಸಿವು ಅನ್ನೋದು ಬರೀ ಮನಸ್ಸಿನ ಹಟ ಅಲ್ಲ, ರಕ್ತದಲ್ಲಿ ಹರಿಯುವ ಒಂದು ವಸ್ತು ಅಂತ ಡಾಕ್ಟರ್ ಹೇಳಿದಾಗ ನನಗೆ ಅಳು ಬಂದಿತ್ತು. ಬಾಯಿ ಕಟ್ಟಬೇಕು ಅಂತ ಹೇಳಿಸಿಕೊಂಡೇ ಬೆಳೆದವಳು ನಾನು.

ಸರ್ಜರಿ ಮಾಡಿದವರು ಜಠರವನ್ನು ಚಿಕ್ಕದು ಮಾಡಿಕೊಟ್ಟರು. ಆದರೆ ಅದು ತುಂಬಿತು ಅನ್ನೋ ಸುದ್ದಿಯನ್ನು ಕೇಳಿಸಿಕೊಳ್ಳುವ ಅಭ್ಯಾಸ ನನ್ನಲ್ಲಿ ಇರಲೇ ಇಲ್ಲ.

ನಮ್ಮ ಮನೆಯಲ್ಲಿ ಊಟ ಮುಗಿಯುವುದು ಅಂದರೆ ತಟ್ಟೆ ಖಾಲಿಯಾಗುವುದು. ಅಪ್ಪ ಚಿಕ್ಕವರಿದ್ದಾಗ ಸಿದ್ಧಗಂಗಾ ಮಠದಲ್ಲಿ ಉಳಿದು ಓದಿದವರು. ಸಾವಿರಾರು ಮಕ್ಕಳು ಸಾಲಾಗಿ ಕೂತು ಉಣ್ಣುವ ಜಾಗ ಅದು. ಅಲ್ಲಿ ಕಲಿತದ್ದನ್ನು ಅವರು ಮನೆಗೂ ತಂದರು: ಒಂದು ಅಗುಳೂ ಬಿಡಬಾರದು. ಅನ್ನ ಬೆಳೆದವರ, ಬಡಿಸಿದವರ ಬೆವರಿಗೆ ಕೊಡುವ ಮರ್ಯಾದೆ ಅದು ಅಂತ ಅಪ್ಪ ಹೇಳುತ್ತಿದ್ದರು. ಅವರ ಆ ಮಾತಿನ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ಆದರೆ ಹೊಟ್ಟೆ ಏನು ಹೇಳುತ್ತಿದೆ ಅಂತ ಕೇಳುವ ಪ್ರಸಂಗವೇ ನನಗೆ ಬರಲಿಲ್ಲ. ಬಡಿಸಿದವರು ಎಷ್ಟು ಬಡಿಸಿದರೋ ಅಷ್ಟು. ತೇಗು ಬಂದರೆ ತೃಪ್ತಿ. ಅಜ್ಜಿ ತೇಗಿ "ಶಿವಾ" ಅಂದ ಮೇಲೆಯೇ ಎಲೆ ಮಡಚುತ್ತಿದ್ದಳು.

ಮೊದಲ ವಾರಗಳಲ್ಲಿ ಇದ್ಯಾವುದರ ತೊಂದರೆಯೂ ಇರಲಿಲ್ಲ, ಯಾಕೆಂದರೆ ಕುಡಿಯುವುದು ಬಿಟ್ಟು ಬೇರೆ ಏನೂ ಇಲ್ಲ. ಔಷಧಿ ಅಳೆಯುವ 30 ಮಿಲಿಲೀಟರಿನ ಪುಟ್ಟ ಲೋಟದಲ್ಲಿ ನೀರು, ಸೋಸಿದ ಬೇಳೆಕಟ್ಟು, ನೀರು ಮಜ್ಜಿಗೆ. ಗುಟುಕು ಗುಟುಕಾಗಿ. ಆಮೇಲೆ ಹಾಲು, ಪ್ರೋಟೀನ್ ಪುಡಿ ಕಲಸಿದ್ದು, ತೆಳುವಾದ ರಾಗಿ ಅಂಬಲಿ. ದ್ರವ ಜಠರದಲ್ಲಿ ನಿಲ್ಲುವುದಿಲ್ಲ, ಬೇಗ ಇಳಿದು ಹೋಗುತ್ತದೆ. ಹಾಗಾಗಿ ತುಂಬಿದ ಅನುಭವವೂ ಬರುವುದಿಲ್ಲ, ಹಸಿವೂ ಇಲ್ಲ. ಹಸಿವೇ ಇಲ್ಲದ ಬೆಳಗ್ಗೆ ಹೇಗಿರುತ್ತದೆ ಅಂತ ನನಗೆ ಮೊದಲ ಸಲ ಗೊತ್ತಾಯಿತು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಕುಡಿಯಬೇಕಾಗಿತ್ತು.

ನಿಜವಾದ ಪಾಠ ಶುರುವಾದದ್ದು ಮೆತ್ತಗಿನ ಗಟ್ಟಿ ಆಹಾರಕ್ಕೆ ಬಂದಾಗ. ಬೇಯಿಸಿದ ಮೊಟ್ಟೆಯನ್ನು ಹಿಸುಕಿ, ಸ್ವಲ್ಪ ಮೊಸರು ಹಾಕಿ ಅತ್ತೆ ಕೊಟ್ಟರು. ಟೀ ಚಮಚದಲ್ಲಿ ತಿನ್ನುತ್ತಿದ್ದೆ. ರುಚಿಯಾಗಿತ್ತು. ಅರ್ಧ ಮೊಟ್ಟೆಯೂ ಆಗಿರಲಿಲ್ಲ, ಬಿಕ್ಕಳಿಕೆ ಬಂತು. "ಯಾರೋ ನೆನೆಸ್ಕೊಂಡ್ರು, ನೀರು ಕುಡಿ" ಅಂತ ಅತ್ತೆ ಲೋಟ ಮುಂದೆ ಇಟ್ಟರು. ಬಿಕ್ಕಳಿಕೆಗೆ ನೀರು ಕೊಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ ಅಲ್ವಾ. ಆದರೆ ಈ ಸರ್ಜರಿ ಆದವರು ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ. ಊಟವಾಗಿ ಅರ್ಧ ಗಂಟೆ ಬಿಟ್ಟೇ ಕುಡಿಯಬೇಕು. ತುಂಬಿದ ಕೊಳವೆಗೆ ನೀರು ಸುರಿದರೆ ಒಂದೋ ಎಲ್ಲ ಮೇಲೆ ಬರುತ್ತದೆ, ಇಲ್ಲವೇ ಅನ್ನ ಕಲಸಿಕೊಂಡು ಬೇಗ ಕೆಳಗೆ ಇಳಿದು, ತುಂಬಿದ ಅನುಭವವೇ ಅಳಿಸಿ ಹೋಗುತ್ತದೆ.

ಮುಂದಿನ ಭೇಟಿಯಲ್ಲಿ ಡಯೆಟಿಷಿಯನ್ ಬಿಡಿಸಿ ಹೇಳಿದರು. ಬಿಕ್ಕಳಿಕೆಯೇ ನಿಮ್ಮ ಜಠರದ ಮಾತು, ಅಲ್ಲೇ ಚಮಚ ಕೆಳಗಿಡಿ ಅಂದರು. ಜಠರಕ್ಕೂ ಮೆದುಳಿಗೂ ನಡುವೆ ವೇಗಸ್ ಅನ್ನೋ ಉದ್ದನೆಯ ನರ ಇದೆ. ಜಠರದ ಗೋಡೆ ಹಿಗ್ಗಿದರೆ ಅದರ ಮೂಲಕವೇ ಸುದ್ದಿ ಹೋಗುವುದು. ಈಗ ಗೋಡೆ ಕಿರಿದು, ಒಳಗೆ ಒತ್ತಡ ಜಾಸ್ತಿ. ಅದಕ್ಕೇ ಸುದ್ದಿ ಮೊದಲಿನ ದಾರಿ ಬಿಟ್ಟು ಬೇರೆ ಬೇರೆ ಕಡೆ ಕಾಣಿಸಿಕೊಳ್ಳುತ್ತದೆ. ಒಬ್ಬರಿಗೆ ಬಿಕ್ಕಳಿಕೆ. ಇನ್ನೊಬ್ಬರಿಗೆ ಸೀನು. ಕೆಲವರಿಗೆ ಮೂಗು ಸೋರುತ್ತದೆ. ಕೆಲವರಿಗೆ ಎದೆಮೂಳೆಯ ಕೆಳಗೆ ಅದುಮಿದಂತೆ. ಆಸ್ಪತ್ರೆಯಲ್ಲಿ ನನ್ನ ಹಾಗೇ ತಪಾಸಣೆಗೆ ಕಾಯುತ್ತಿದ್ದ ಶಿರಾ ಕಡೆಯವರೊಬ್ಬರು ತಮಗೆ ಎಡಭುಜ ನೋಯುತ್ತದೆ ಅಂದರು. ಹೃದಯದ್ದೇ ಇರಬೇಕು ಅಂತ ಹೆದರಿ ಇಸಿಜಿ ಕೂಡ ಮಾಡಿಸಿದ್ದರಂತೆ. ಹೊಟ್ಟೆಗೂ ಎದೆಗೂ ನಡುವೆ ಇರುವ ವಪೆ ಅನ್ನೋ ಉಸಿರಾಟದ ಸ್ನಾಯುವಿಗೂ ಭುಜಕ್ಕೂ ನರದ ನಂಟು ಇರುವುದರಿಂದ ಹಾಗಾಗುತ್ತದೆ. ಆದರೂ ಅವರು ಇಸಿಜಿ ಮಾಡಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಎಡಭುಜದ ನೋವನ್ನು ಊಟದ ಮೇಲೆ ಹಾಕಿ ಸುಮ್ನೆ ಕೂರಬಾರದು.

ಸ್ವಲ್ಪ ದಿನದಲ್ಲಿ ಬಿಕ್ಕಳಿಕೆ ಕಡಿಮೆಯಾಗಿ ನನಗೆ ಮೂಗು ಸೋರಲು ಶುರುವಾಯಿತು. ಇಲ್ಲೊಂದು ತೊಡಕು. ನಮ್ಮ ಕಡೆ ಸಾರು ಅಂದರೆ ಖಾರ. ಹುರುಳಿಕಾಳಿನ ಬಸ್ಸಾರಿಗೆ ಮೂಗು ಸೋರದವರು ಯಾರಿದ್ದಾರೆ? ಇದು ಖಾರಕ್ಕೆ ಸೋರಿದ್ದೋ, ಹೊಟ್ಟೆ ತುಂಬಿದ್ದಕ್ಕೆ ಸೋರಿದ್ದೋ ಗೊತ್ತಾಗುತ್ತಿರಲಿಲ್ಲ. ಅತ್ತೆ ಒಂದು ಉಪಾಯ ಮಾಡಿದರು. ನನ್ನ ಪಾಲಿನ ಸಾರಿಗೆ ಖಾರದ ಪುಡಿ ಹಾಕುವುದನ್ನೇ ಬಿಟ್ಟರು. ಜೀರಿಗೆ, ಬೆಳ್ಳುಳ್ಳಿ, ಚೂರು ಮೆಣಸು, ಅಷ್ಟೇ. ಆಗ ವ್ಯತ್ಯಾಸ ತಿಳಿಯಿತು. ಖಾರದ ಮೂಗು ಮೊದಲ ತುತ್ತಿಗೇ ಸೋರುತ್ತದೆ. ಹೊಟ್ಟೆಯದು ನಿಧಾನ. ಚೆನ್ನಾಗಿ ತಿನ್ನುತ್ತಾ ಇರುತ್ತೇನೆ, ಇದ್ದಕ್ಕಿದ್ದಂತೆ ಒಂದು ಹನಿ ನೀರು ಮೂಗಿನ ತುದಿಗೆ ಬರುತ್ತದೆ. ಅದರ ಹಿಂದೆಯೇ ಒಂದು ಸೀನು. ಆಮೇಲೆ ಒಂದು ತುತ್ತು ಹಾಕಿದರೂ ಎದೆ ಭಾರ.

ಮುದ್ದೆಯ ವಿಷಯಕ್ಕೆ ಬರುತ್ತೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಈ ಸರ್ಜರಿ ಮಾಡಿಸಿಕೊಂಡರೆ ಅವರಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಇಲ್ಲೇ ಇದೆ. ಆಸ್ಪತ್ರೆ ಕೊಟ್ಟ ಹಾಳೆಯಲ್ಲಿ ಒಂದು ತುತ್ತನ್ನು 20ರಿಂದ 30 ಸಲ ಅಗಿಯಿರಿ ಅಂತ ಬರೆದಿತ್ತು. ಚಪಾತಿ, ಬ್ರೆಡ್, ಅನ್ನದ ಬಗ್ಗೆ ಬರೆದಿತ್ತು. ಮುದ್ದೆಯ ಹೆಸರೇ ಇರಲಿಲ್ಲ. ಮುದ್ದೆಯನ್ನು ಅಗಿಯುವುದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಮುರಿಯಬೇಕು, ಬೆರಳಲ್ಲಿ ಉಂಡೆ ಮಾಡಬೇಕು, ಸಾರಿನಲ್ಲಿ ಅದ್ದಬೇಕು, ನುಂಗಬೇಕು. ಮಗುವಾಗಿದ್ದಾಗ ಅಗಿದರೆ "ಹಲ್ಲಿಗೆ ಅಂಟ್ಕೊಳುತ್ತೆ, ನುಂಗು" ಅಂತ ಹೇಳಿಕೊಡುತ್ತಾರೆ. ಗಂಟಲಿನಲ್ಲಿ ಜಾರಿ ಇಳಿಯುವುದರಲ್ಲೇ ಅದರ ಸುಖ. ಜಠರ ದೊಡ್ಡದಿದ್ದಾಗ ನುಂಗಿದ್ದನ್ನೆಲ್ಲ ಅದು ಕಲಸಿ ಅರೆಯುತ್ತಿತ್ತು. ಕಿರಿದಾದ ಕೊಳವೆಗೆ ಅಂಟಾದ ಒಂದು ಉಂಡೆ ಹೋದರೆ ಕೊಳವೆಯ ಬಾಯಿಯ ಹತ್ತಿರವೇ ಕೂತುಬಿಡುತ್ತದೆ.

ಡಾಕ್ಟರ್ ಅಂಟಂಟಾದ ಹಿಟ್ಟಿನ ಪದಾರ್ಥ ಕೆಲವು ತಿಂಗಳು ಬೇಡ ಅಂದಿದ್ದರು. ಅಲ್ಲಿಯವರೆಗೆ ರಾಗಿ ನನ್ನ ಪಾಲಿಗೆ ಅಂಬಲಿ, ಗಂಜಿ. ಆಮೇಲೆ ಅವರು ಒಪ್ಪಿದ ಮೇಲೆ ಮುದ್ದೆಗೆ ಬಂದೆ. ಅತ್ತೆ ಹಿಟ್ಟನ್ನು ಸ್ವಲ್ಪ ತೆಳುವಾಗಿಯೇ ತೊಳಸಿದರು. ಕಡಲೆಕಾಯಿ ಬೀಜದಷ್ಟು ಮುರಿದು, ಸೊಪ್ಪಿನ ಸಾರಿನಲ್ಲಿ ನೆನೆಸಿ, ಬಾಯಲ್ಲಿಟ್ಟುಕೊಂಡು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಕರಗಿಸಿದೆ. ಅಗಿದಾಗ ರಾಗಿಗೆ ಒಂದು ಸಿಹಿ ಇದೆ ಅಂತ ಗೊತ್ತಾಯಿತು. ಹುರಿದ ವಾಸನೆಯ ಒಂದು ಮಣ್ಣಿನ ಸಿಹಿ. ಇಷ್ಟು ವರ್ಷ ಮುದ್ದೆ ಉಂಡರೂ ನನಗೆ ಗೊತ್ತಿದ್ದದ್ದು ಸಾರಿನ ರುಚಿ ಮಾತ್ರ. ಆದರೂ ನುಂಗುವ ಗಂಟಲು ತನ್ನಷ್ಟಕ್ಕೆ ನುಂಗಿಬಿಡುತ್ತದೆ. ಅದನ್ನು ತಡೆಯುವುದಕ್ಕೆ ಪ್ರತಿ ತುತ್ತಿಗೂ ಗಮನ ಕೊಡಬೇಕಾಗಿತ್ತು. ಗಮನ ಕೊಟ್ಟಾಗಲೇ ಹೊಟ್ಟೆಯ ಮಾತೂ ಕೇಳಿಸುತ್ತಿದ್ದದ್ದು. ನುಂಗುವ ವೇಗದಲ್ಲಿ ಯಾವ ಸುದ್ದಿಯೂ ತಲುಪುವುದಿಲ್ಲ. ಊಟ ಶುರುವಾಗಿ ಸುಮಾರು 20 ನಿಮಿಷ ಆಗದೆ ಸಾಕು ಅನ್ನೋ ಸುದ್ದಿ ಪೂರ್ತಿ ತಲುಪುವುದಿಲ್ಲ ಅಂತ ಡಯೆಟಿಷಿಯನ್ ಹೇಳಿದ್ದರು. ನಾನು ಮೊದಲೆಲ್ಲ ಅಷ್ಟು ಹೊತ್ತಿಗೆ ಊಟ ಮುಗಿಸಿ ಕೈ ತೊಳೆದು ಎದ್ದಿರುತ್ತಿದ್ದೆ.

ಶಾಲೆ ಶುರುವಾದ ಮೇಲೆ ಕಷ್ಟ ಇನ್ನೊಂದು ರೂಪದಲ್ಲಿ ಬಂತು. ಮಧ್ಯಾಹ್ನದ ಬಿಡುವು ಚಿಕ್ಕದು. ಅದರಲ್ಲೇ ಮಕ್ಕಳ ಬಿಸಿಯೂಟ ನೋಡಿಕೊಳ್ಳಬೇಕು, ನೋಟ್ಸ್ ತಿದ್ದಬೇಕು, ಮಾತಾಡಬೇಕು. ಒಂದು ದಿನ ಚಪಾತಿ ಚೂರು ಹಾಕಿಕೊಂಡಾಗಲೇ ಬೆಲ್ ಹೊಡೆಯಿತು. ತುತ್ತು ಎದೆಯ ನಡುವೆ ನಿಂತಿತು. ಅದು ನೋವು ಅನ್ನುವುದಕ್ಕಿಂತ ಒಂದು ಭಯ. ಬಾಯಿ ತುಂಬ ನೊರೆ ನೊರೆಯಾದ ಜೊಲ್ಲು ಊರುತ್ತದೆ, ನುಂಗಿದರೆ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಆ ನೊರೆಯ ಜೊತೆ ತುತ್ತು ವಾಪಸ್ ಬರುತ್ತದೆ. ಬಂದ ಕೂಡಲೇ ಹಾಯಾಗುತ್ತದೆ. ಅವತ್ತು ರಾತ್ರಿಯವರೆಗೆ ಬರೀ ದ್ರವ, ಜಠರಕ್ಕೆ ವಿಶ್ರಾಂತಿ. ಇದು ಪದೇ ಪದೇ ಆದರೆ, ಅಥವಾ ನೀರೂ ಇಳಿಯದಿದ್ದರೆ, ಕಾಯದೆ ಡಾಕ್ಟರ ಹತ್ತಿರ ಹೋಗಬೇಕು. ಕೊಳವೆ ಎಲ್ಲಾದರೂ ಕಿರಿದಾಗಿರಬಹುದು. ವಾಂತಿ ತುಂಬಾ ದಿನ ಮುಂದುವರಿದರೆ ಬಿ1 ವಿಟಮಿನ್ ಕಡಿಮೆಯಾಗಿ ನರಕ್ಕೇ ತೊಂದರೆ ಆಗುತ್ತದೆ.

ಹೆಡ್‌ಮೇಡಂಗೆ ಎಲ್ಲ ವಿವರಿಸಿದೆ. ಊಟದ ನಂತರದ ಪೀರಿಯಡ್ಡನ್ನು ಬೇರೆ ಟೀಚರಿಗೆ ಕೊಟ್ಟು ನನಗೆ ಬೆಳಗಿನದೊಂದು ಕೊಟ್ಟರು. ಈ ಒಂದು ಬದಲಾವಣೆ ನನಗೆ ಮಾಡಿದ ಉಪಕಾರ ಯಾವ ಮಾತ್ರೆಯೂ ಮಾಡಲಿಲ್ಲ. ಕೆಲಸಕ್ಕೆ ಹೋಗುವವರು ಸರ್ಜರಿಗೆ ಮೊದಲೇ ಇದನ್ನು ಕೇಳಿಕೊಳ್ಳಿ. ಮುಜುಗರ ಬೇಡ.

ಎಲ್ಲದಕ್ಕಿಂತ ದಾರಿ ತಪ್ಪಿಸಿದ್ದು ಮಂಡಕ್ಕಿ. ಸಂಜೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಚುರುಮುರಿ ತರಿಸುತ್ತಿದ್ದರು. ಎರಡು ಚಮಚ ಬೇಳೆಗೆ ಸೀನುವ ನಾನು ಇಡೀ ಪೊಟ್ಟಣ ಮಂಡಕ್ಕಿ ತಿಂದರೂ ಮೂಗು ಸೋರಲಿಲ್ಲ, ಎದೆ ಭಾರವಾಗಲಿಲ್ಲ. ಇದು ನನಗೆ ಒಗ್ಗುವ ತಿಂಡಿ ಅಂತಲೇ ಅಂದುಕೊಳ್ಳುವ ಹಾಗಿತ್ತು. ಡಯೆಟಿಷಿಯನ್ ಇದನ್ನು ಜಾರುವ ತಿಂಡಿ ಅನ್ನುತ್ತಾರೆ. ಬಾಯಲ್ಲಿ ಹಾಕಿದ ಕೂಡಲೇ ಪುಡಿಯಾಗಿ, ಜೊಲ್ಲಿನಲ್ಲಿ ಕರಗಿ, ಕೊಳವೆಯಲ್ಲಿ ನಿಲ್ಲದೆ ಸೀದಾ ಇಳಿಯುತ್ತದೆ. ಖಾರಾಬೂಂದಿ, ಮಿಕ್ಸ್‌ಚರ್, ಚಿಪ್ಸ್, ಟೀಯಲ್ಲಿ ಅದ್ದಿದ ಬಿಸ್ಕತ್ತು, ಐಸ್‌ಕ್ರೀಮ್ ಎಲ್ಲವೂ ಹಾಗೇ. ಹೊಟ್ಟೆಯ ಮಾತು ಕೇಳಿಸಬೇಕಾದರೆ ಹೊಟ್ಟೆಯಲ್ಲಿ ನಿಲ್ಲುವ ಆಹಾರ ಇರಬೇಕು. ಮೊಟ್ಟೆ, ಕೋಳಿ, ಮೀನು, ಪನೀರ್, ಕಾಳು. ಇವು ನಿಲ್ಲುತ್ತವೆ.

ಹಾಗಾಗಿ ತಟ್ಟೆಯ ಕ್ರಮವೇ ತಿರುಗಿತು. ನಮ್ಮ ಊಟದಲ್ಲಿ ಮುದ್ದೆ, ಅನ್ನ ಯಜಮಾನರು, ಕಾಳು ಪಲ್ಯ ಪಕ್ಕದಲ್ಲಿ ಚೂರು. ಈಗ ಮೊದಲು ಕಾಳು ಅಥವಾ ಮೊಟ್ಟೆ, ಆಮೇಲೆ ಪಲ್ಯ, ಜಾಗ ಉಳಿದರೆ ಮಾತ್ರ ಅನ್ನ ಅಥವಾ ಮುದ್ದೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಅಂತ ಲೆಕ್ಕ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಇಷ್ಟು ಚಿಕ್ಕ ಜಠರದಲ್ಲಿ ಅದನ್ನು ಸೇರಿಸುವುದು ಸುಲಭ ಅಲ್ಲ. ಅವರೆಕಾಯಿ ಕಾಲ ಬಂದಾಗ ನನಗೆ ಹಬ್ಬ. ಹಿತಕಿದ ಬೇಳೆಗೆ ಸಿಪ್ಪೆ ಇರುವುದಿಲ್ಲ, ಬೆಂದರೆ ಬೆಣ್ಣೆ. ಸಿಪ್ಪೆ ಇರುವ ಕಾಳು ಮೊದಲ ತಿಂಗಳುಗಳಲ್ಲಿ ನನಗೆ ಆಗುತ್ತಿರಲಿಲ್ಲ, ಇದು ಆಯಿತು. ಅತ್ತೆ ಚಳಿಯಲ್ಲಿ ಕೂತು ಒಂದೊಂದೇ ಕಾಳು ಹಿತುಕಿ ಡಬ್ಬಿ ತುಂಬಿ ಕೊಡುತ್ತಿದ್ದರು.

ಅತ್ತೆಯ ಬಗ್ಗೆ ಹೇಳಲೇಬೇಕು. ಮೊದಮೊದಲು ಅವರಿಗೆ ತುಂಬಾ ಬೇಜಾರಾಗಿತ್ತು. ತಾವು ಬಡಿಸಿದ್ದನ್ನು ಸೊಸೆ ದೂಡುತ್ತಾಳೆ ಅಂತಲ್ಲ, ಉಪವಾಸ ಬಿದ್ದು ಸತ್ತುಹೋಗುತ್ತಾಳೆ ಅಂತ. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರಲು ಶುರುವಾದಾಗ ಅವರ ಭಯ ಜಾಸ್ತಿಯಾಯಿತು. ಬೇಗ ತೂಕ ಇಳಿದಾಗ ಹಾಗಾಗುತ್ತದೆ, ಆಮೇಲೆ ಬರುತ್ತದೆ ಅಂತ ಡಾಕ್ಟರ್ ಹೇಳಿದ್ದರು, ಬಂತು ಕೂಡ. ಅವರನ್ನೂ ಒಂದು ಸಲ ಡಯೆಟಿಷಿಯನ್ ಹತ್ತಿರ ಕರೆದುಕೊಂಡು ಹೋದೆ. ಅದಾದ ಮೇಲೆ ಅವರು ನನ್ನ ತಟ್ಟೆ ನೋಡುವುದು ಬಿಟ್ಟು ನನ್ನ ಮುಖ ನೋಡಲು ಶುರು ಮಾಡಿದರು. ನಾನು ಗಮನಿಸುವುದಕ್ಕೆ ಮುಂಚೆ ಅವರೇ ಹೇಳುತ್ತಿದ್ದರು: "ಉಸ್ಸಂತ ಉಸಿರು ಬಿಟ್ಟೆ ನೋಡು. ಇಡು ಚಮಚ." ನಿಜ. ಬಿಕ್ಕಳಿಕೆ, ಸೀನು, ಮೂಗು ಎಲ್ಲಕ್ಕಿಂತ ಮೊದಲು ನನಗೆ ಒಂದು ದೀರ್ಘವಾದ ಉಸಿರು ಬರುತ್ತದೆ. ಅದನ್ನು ಕಂಡುಹಿಡಿದದ್ದು ನಾನಲ್ಲ, ಅವರು. ಒಂದೆರಡು ತುತ್ತು ಮುಂಚೆಯೇ ಬರುವ ಸೂಚನೆ ಅದು. ಅದಕ್ಕೆ ನಿಲ್ಲಿಸಿದರೆ ಹಾಯಾಗಿ ಏಳಬಹುದು. ಸೀನಿಗೆ ನಿಲ್ಲಿಸಿದರೆ ಸ್ವಲ್ಪ ಭಾರ. ಎದೆ ಒತ್ತುವವರೆಗೆ ಹೋದರೆ ಮಲಗಲೂ ಆಗದು.

ತಟ್ಟೆಯಲ್ಲಿ ಬಿಡಬಾರದು ಅನ್ನೋ ಅಪ್ಪನ ಮಾತನ್ನು ಏನು ಮಾಡುವುದು? ಬಡಿಸಿಕೊಳ್ಳುವಾಗಲೇ ಕಡಿಮೆ ಬಡಿಸಿಕೊಂಡೆ. ಮಕ್ಕಳ ಪುಟ್ಟ ಬಟ್ಟಲು, ಟೀ ಚಮಚ. ಬೇಕಾದರೆ ಮತ್ತೆ ಹಾಕಿಕೊಳ್ಳಬಹುದು. ಆದರೂ ಕೆಲವು ಸಲ ಎರಡು ಚಮಚ ಉಳಿಯುತ್ತದೆ, ಯಾಕೆಂದರೆ ಹೊಟ್ಟೆ ದಿನಕ್ಕೊಂದು ಥರ ಇರುತ್ತದೆ. ಬೆಳಗ್ಗೆ ಬಿಗಿ, ಸಂಜೆ ಸಡಿಲ. ಮನಸ್ಸಿಗೆ ಆತಂಕ ಇದ್ದ ದಿನ ಇನ್ನೂ ಬಿಗಿ. ಉಳಿದದ್ದನ್ನು ಮುಚ್ಚಿಟ್ಟು ಆಮೇಲೆ ತಿನ್ನುತ್ತೇನೆ. ಅಪ್ಪನಿಗೆ ಹೇಳಿದಾಗ ಅವರು, ಮಠದಲ್ಲೂ ಎಷ್ಟು ಬೇಕೋ ಅಷ್ಟೇ ಹಾಕಿಸ್ಕೋ ಅಂತಲೇ ಹೇಳುತ್ತಿದ್ದರು ಅಂದರು. ಆ ಅರ್ಧವನ್ನು ನಾವು ಮನೆಯಲ್ಲಿ ಕೇಳಿಸಿಕೊಂಡಿರಲಿಲ್ಲ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಗ್ಗೆ ನನ್ನನ್ನು ಕೇಳುವವರು ಬಹಳ. ತಿನ್ನುತ್ತೇನೆ. ಕಾಲು ಭಾಗ. ಚಟ್ನಿ ಜಾಸ್ತಿ, ಇಡ್ಲಿ ಕಡಿಮೆ. ಉಳಿದದ್ದು ಯಜಮಾನರಿಗೆ. ಕಾಫಿ ಮಾತ್ರ ಅರ್ಧ ಗಂಟೆ ಆದ ಮೇಲೆ, ಅಷ್ಟರಲ್ಲಿ ಬಸ್ಸು ಊರೇ ದಾಟಿರುತ್ತದೆ.

ಮದುವೆ ಊಟ ಕಷ್ಟ. ನಾವು ಕೂತ ಕುರ್ಚಿಯ ಹಿಂದೆಯೇ ಮುಂದಿನ ಪಂಕ್ತಿಯವರು ನಿಂತಿರುತ್ತಾರೆ. ಬಡಿಸುವವರು ಓಡುತ್ತಾ ಬರುತ್ತಾರೆ. ಅಲ್ಲಿ ನಿಧಾನ ಅನ್ನೋದೇ ಇಲ್ಲ. ನಾನು ಈಗ ಕೊನೆಯ ಪಂಕ್ತಿಗೆ ಕೂರುತ್ತೇನೆ. ಹೆಸರುಬೇಳೆ ಕೋಸಂಬರಿ, ಕಾಳು ಪಲ್ಯ ಹಾಕಿಸಿಕೊಂಡು ಉಳಿದದ್ದಕ್ಕೆ ಎಲೆಯ ಮೇಲೆ ಕೈ ಅಡ್ಡ ಇಡುತ್ತೇನೆ. ಎಲೆಯ ತುದಿಗೆ ಬಡಿಸುವ ಆ ಚೂರು ಕೋಸಂಬರಿಯೇ ನನ್ನ ಊಟ. ಪಾಯಸ ಒಂದು ಸಲ ಬಲವಂತಕ್ಕೆ ಕುಡಿದೆ. ಸ್ವಲ್ಪ ಹೊತ್ತಿಗೆ ಎದೆ ಡವಡವ, ಮೈಯೆಲ್ಲ ಬೆವರು, ಎಲ್ಲಾದರೂ ಮಲಗಿಬಿಡಬೇಕು ಅನ್ನಿಸಿತು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಿಹಿ ಬೇಗನೆ ಸಣ್ಣ ಕರುಳಿಗೆ ಸುರಿದಾಗ ಆಗುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್ ಅನ್ನೋ ಇನ್ನೊಂದು ಥರದ ತೂಕದ ಸರ್ಜರಿ ಆದವರಿಗೆ ಜಾಸ್ತಿ, ಸ್ಲೀವ್ ಆದವರಲ್ಲೂ ಕೆಲವರಿಗೆ ಆಗುತ್ತದೆ. ಇದು ಹೊಟ್ಟೆ ತುಂಬಿದ ಸೂಚನೆ ಅಲ್ಲ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು.

ಹಸಿವಿನಲ್ಲೂ ಇದೇ ಗೊಂದಲ. ಹೊಟ್ಟೆ ಗುಡುಗುಡು ಅಂದರೆ ಹಸಿವು ಅಂತ ತಿಳಿದಿದ್ದೆ. ಅದು ಬರೀ ಗಾಳಿ, ನೀರು ಓಡಾಡುವ ಸದ್ದು. ಎದೆ ಕೆಳಗೆ ಕೊರೆದಂತಾದರೆ ಅದು ಆಸಿಡ್ ಇರಬಹುದು. ಸ್ಲೀವ್ ಆದವರಿಗೆ ಆಸಿಡ್ ತೊಂದರೆ ಸಾಮಾನ್ಯ, ಅದಕ್ಕೆ ಮಾತ್ರೆ ಕೊಟ್ಟಿರುತ್ತಾರೆ. ಬಾಯಾರಿಕೆಯೂ ಹಸಿವಿನ ವೇಷ ಹಾಕುತ್ತದೆ. ಇನ್ನು ಶಾಲೆ ಬಿಟ್ಟು ಬರುವಾಗ ಬಜ್ಜಿ ಬಾಣಲೆಯ ವಾಸನೆ ಬಂದರೆ ಆಗುವುದು ಬಾಯಿಚಪಲ, ಅದನ್ನು ಸರ್ಜರಿ ಕತ್ತರಿಸುವುದಿಲ್ಲ. ಅಂಥ ಸಂಜೆ ಅಮಾನಿಕೆರೆ ಕಡೆ ಒಂದು ಸುತ್ತು ನಡೆದು ಬರುತ್ತೇನೆ. ನಡೆದ ಮೇಲೂ ಬೇಕು ಅನ್ನಿಸಿದರೆ, ಬರೀ ಮೊಟ್ಟೆ ಕೊಟ್ಟರೂ ತಿನ್ನುತ್ತೇನೆ ಅನ್ನಿಸಿದರೆ, ಅದು ಹಸಿವು.

ಒಂದು ವರ್ಷ ಕಳೆಯುತ್ತಿದ್ದ ಹಾಗೆ ಒಂದು ಸಂಗತಿ ನಡೆಯಿತು. ಅದರ ಬಗ್ಗೆ ಮೊದಲೇ ಎಚ್ಚರಿಸಿದವರು ಕಡಿಮೆ. ಸೀನು ಬರುವುದು ನಿಂತಿತು. ಮೂಗು ಸೋರುವುದು ನಿಂತಿತು. ಮೊದಲಿಗಿಂತ ಜಾಸ್ತಿ ಹಿಡಿಸತೊಡಗಿತು. ಹಸಿವೂ ಸಣ್ಣಗೆ ಮರಳಿತು. ಸರ್ಜರಿ ಕೆಟ್ಟುಹೋಯಿತಾ ಅಂತ ಗಾಬರಿಯಾಗಿ ಫೋನ್ ಮಾಡಿದೆ. ಕೆಟ್ಟಿಲ್ಲ. ಊತ ಪೂರ್ತಿ ಇಳಿದು, ಜಠರ ಸ್ವಲ್ಪ ಸಡಿಲವಾಗಿ, ದೇಹ ಹೊಸ ಅಳತೆಗೆ ಹೊಂದಿಕೊಂಡಿರುತ್ತದೆ. ಬಹಳ ಜನರಿಗೆ ಆಗುವುದೇ. ಜೋರಾಗಿ ಕೂಗಿ ಹೇಳುತ್ತಿದ್ದ ಜಠರ ಈಗ ಮೆಲ್ಲಗೆ ಹೇಳುತ್ತದೆ. ಕೆಲವರ ತೂಕ ಮತ್ತೆ ಏರಲು ಶುರುವಾಗುವುದು ಇಲ್ಲಿಂದಲೇ. ಸೀನು ಬಂದರೆ ಮಾತ್ರ ನಿಲ್ಲಿಸುವುದು ಅಂತ ರೂಢಿ ಮಾಡಿಕೊಂಡವರಿಗೆ ಈಗ ಏನೂ ಕೇಳಿಸುವುದಿಲ್ಲ. ನನ್ನ ಮಟ್ಟಿಗೆ ಆ ಮೊದಲ ವರ್ಷ ಇರುವುದೇ ಮೆಲ್ಲಗಿನ ಸೂಚನೆಗಳನ್ನು ಗುರುತು ಹಿಡಿಯಲು. ಆ ಕಾಲವನ್ನು ಬರೀ ಕೆಜಿ ಎಣಿಸುವುದರಲ್ಲಿ ಕಳೆಯಬೇಡಿ ಅಂತ ಗಟ್ಟಿಯಾಗಿ ಹೇಳುತ್ತೇನೆ.

ನನಗೆ ಈಗ ಉಳಿದಿರುವುದು ಆ ದೀರ್ಘ ಉಸಿರು, ಮತ್ತೆ ಇನ್ನೊಂದು. ಊಟದ ನಡುವೆ ಎಲ್ಲೋ ಒಂದು ಕಡೆ ರುಚಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಮೊದಲ ತುತ್ತಿಗೆ ಬೆಳ್ಳುಳ್ಳಿ ಒಗ್ಗರಣೆ ಎದ್ದು ಕಂಡಿರುತ್ತದೆ, ಈಗ ಅದು ಬರೀ ಸಾರು. ಕೈ ತಾನಾಗಿ ನಿಧಾನವಾಗುತ್ತದೆ. ಆಗ ಚಮಚ ಕೆಳಗಿಟ್ಟು ಎಡಪಕ್ಕೆಲುಬಿನ ಕೆಳಗೆ ಕೈ ಇಟ್ಟು ಗಮನಿಸುತ್ತೇನೆ. ಅಲ್ಲಿ ಬೆಚ್ಚಗೆ, ತುಸು ಗಟ್ಟಿ ಅನ್ನಿಸಿದರೆ ಊಟ ಮುಗಿಯಿತು. ಟಿವಿ ಇದ್ದರೆ ಇದು ಗೊತ್ತಾಗುವುದಿಲ್ಲ. ಮೊಬೈಲ್ ಕೈಯಲ್ಲಿದ್ದರೆ ಖಂಡಿತ ಇಲ್ಲ. ನಮ್ಮ ಮನೆಯಲ್ಲಿ ಈಗ ಊಟದ ಹೊತ್ತಿಗೆ ಎರಡೂ ಬಂದ್.

ಶುಗರ್ ಮಾತ್ರೆಗಳನ್ನು ಡಾಕ್ಟರ್ ಬಹಳ ಕಡಿಮೆ ಮಾಡಿದ್ದಾರೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಯೂ ತಪ್ಪುವ ಹಾಗಿಲ್ಲ.

ನನ್ನ ತಂಗಿಗೂ ಈಗ ಇದೇ ಸರ್ಜರಿ ಮಾಡಿಸುವ ಮಾತು ನಡೆಯುತ್ತಿದೆ. ಸರ್ಜರಿಗೆ ಮುಂಚೆ ಎರಡು ವಾರ ಯಕೃತ್ತಿನ ಕೊಬ್ಬು ಇಳಿಸಲು ಪಥ್ಯ ಇರುತ್ತದೆ. ಅದು ಶುರುವಾಗುವುದಕ್ಕೂ ಮೊದಲೇ ಅಗಿಯುವುದನ್ನು ಅಭ್ಯಾಸ ಮಾಡಿಕೋ ಅಂತ ಹೇಳಿದ್ದೇನೆ. ಊಟ ಮಾಡುತ್ತಾ ನೀರು ಕುಡಿಯುವುದನ್ನೂ ಈಗಲೇ ಬಿಡು ಅಂದಿದ್ದೇನೆ. ಭಾನುವಾರ ಅವಳು ನಮ್ಮ ಮನೆಗೆ ಬರುತ್ತಾಳೆ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತೇವೆ. ಅವಳು ಇನ್ನೂ ಮುದ್ದೆ ನುಂಗುತ್ತಾಳೆ, ನಾನು ಅಗಿಯುತ್ತೇನೆ. ಹೋದ ವಾರ ಅವಳಿಗೂ ಊಟದ ನಡುವೆ ಆ ಉಸಿರು ಬಂತು, ಅತ್ತೆ ಅಡುಗೆಮನೆಯಿಂದಲೇ ಕೇಳಿಸಿಕೊಂಡು "ಬಂತು ನೋಡು" ಅಂದರು. ಜಠರ ಇನ್ನೂ ಪೂರ್ತಿ ಇರುವಾಗಲೇ ಅವಳಿಗೆ ಅದು ತಿಳಿಯಿತಲ್ಲ ಅಂತ ನನಗೆ ತುಂಬಾ ಖುಷಿಯಾಯಿತು.